ಮಾಲ್ಟಾಕ್ಕೆ ವೀಳ್ಯ

ಇದು ನಡೆದ ಕತೆ. ನಡೆದದ್ದು ನರಸಿಂಹರಾಜಪುರದ ಬಸ್‌ಸ್ಟ್ಯಾಂಡಿನ ಪಕ್ಕದ ಬೀದಿಯಲ್ಲಿ. ಅನುಮಾನವಿದ್ದವರು ಅಲ್ಲಿಗೇ ಹೋಗಿ ವಿಚಾರಿಸಬಹುದು. ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ, ಎಲ್ಲರೂ ಆಣೆ ಮಾಡಿಯೇ ಹೇಳುತ್ತಾರೆ. ಆದರೆ ಒಂದು ವಿಷಯದಲ್ಲಿ ಮಾತ್ರ ಇಡೀ ಬೀದಿಗೆ ಒಮ್ಮತವಿದೆ: ಎಲ್ಲದಕ್ಕೂ ಮೂಲ ಧರ್ಮೇಶನ ಒದ್ದೆ ಪ್ಯಾಂಟು.

ಧರ್ಮೇಶ ಸೀತೂರಿನವನು. ಬಿ.ಎ. ಮುಗಿಸಿ, ಗದ್ದೆಯನ್ನು ಅಣ್ಣನಿಗೆ ಬಿಟ್ಟು, ಪೇಟೆಯಲ್ಲಿ ‘ಧರ್ಮ ಕಮ್ಯುನಿಕೇಷನ್ಸ್’ ಎಂದು ಅಂಗಡಿ ಇಟ್ಟಿದ್ದ. ಒಂದು ಎಸ್‌ಟಿಡಿ ಬೂತು, ಒಂದು ಜೆರಾಕ್ಸ್ ಯಂತ್ರ, ಎರಡು ಕಂಪ್ಯೂಟರು. ಬೋರ್ಡಿನಲ್ಲಿ ‘ಧರ್ಮ’ ಎಂದಿದ್ದದ್ದರಿಂದ ಜೆರಾಕ್ಸೂ ಧರ್ಮಕ್ಕೇ ಸಿಗುತ್ತದೆಂದು ನಂಬಿ ಬರುವವರು ಬೇರೆ ಇದ್ದರು. ಎರಡು ಕಂಪ್ಯೂಟರುಗಳಲ್ಲಿ ಒಂದು ಗಿರಾಕಿಗಳಿಗೆ. ಇನ್ನೊಂದು ಮಾಲ್ಟಾಕ್ಕೆ.

ಮಾಲ್ಟಾ ಎಂದರೆ ಇಟಲಿಯ ಕೆಳಗೆ, ಮೆಡಿಟರೇನಿಯನ್ ಸಮುದ್ರದ ನಡುವೆ, ಭೂಪಟದ ಮೇಲೆ ನೊಣ ಕೂತು ಎದ್ದುಹೋದ ಗುರುತಿನಷ್ಟೇ ಇರುವ ಒಂದು ದ್ವೀಪ. ಅಲ್ಲಿ ಬೇಸಿಗೆಯಿಡೀ ಮಳೆ ಬರುವುದೇ ಅಪರೂಪ, ಜೂನ್‌ನಿಂದ ಆಗಸ್ಟ್‌ವರೆಗೆ ಬರೀ ಬಿಸಿಲು ಎಂದು ಅವನು ಓದಿದ್ದು ಒಂದು ಆಗಸ್ಟ್ ತಿಂಗಳಲ್ಲಿ, ಜಡಿಮಳೆಗೆ ಕರೆಂಟು ಹೋಗಿ ಬಂದ ಐದು ನಿಮಿಷದ ನಡುವೆ. ಅವತ್ತಿನಿಂದ ಹುಚ್ಚು ಹಿಡಿಯಿತು. ಮೂರು ಹಗಲಿನ ಪ್ರವಾಸಕ್ಕೆ ಯಾವ ಹೋಟೆಲು, ಯಾವ ಬಸ್ಸು, ಯಾವ ದೋಣಿ, ಯಾವ ಬೀದಿಯಲ್ಲಿ ಎಷ್ಟು ಹೊತ್ತಿಗೆ ನೆರಳು ಬೀಳುತ್ತದೆ ಎಂಬುದೆಲ್ಲ ಅವನಿಗೆ ಬಾಯಿಪಾಠ. ಪಾಸ್‌ಪೋರ್ಟೂ ಮಾಡಿಸಿದ್ದ. ಬೂಷ್ಟು ಹಿಡಿಯದಿರಲೆಂದು ಅದನ್ನು ನುಸಿಗುಳಿಗೆಯ ಜೊತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟಿದ್ದ. ಹೊರಡುವುದಕ್ಕೆ ಬೇಕಾದದ್ದೆಲ್ಲ ಅವನ ಬಳಿ ಇತ್ತು, ಹೊರಡುವ ದಾರಿಯೊಂದು ಇರಲಿಲ್ಲ.

ಅವನ ಇನ್ನೊಂದು ಹುಚ್ಚು ಮಿಮಿಕ್ರಿ. ತಹಸೀಲ್ದಾರರಿಂದ ಹಿಡಿದು ಟಿಕೆಟ್ ಕಂಡಕ್ಟರನವರೆಗೆ ಯಾರ ಗಂಟಲು ಬೇಕಾದರೂ ಅವನ ಬಾಯಲ್ಲಿ ಬಾಡಿಗೆಗೆ ಇರುತ್ತಿತ್ತು.

ಅವತ್ತು ಶ್ರಾವಣ ಸೋಮವಾರ. ಎರಡು ಸಾವಿರದ ಏಳನೇ ಇಸವಿ. ವಾರವೆಲ್ಲ ಒಣಗದ ಪ್ಯಾಂಟನ್ನು ಧರ್ಮೇಶ ಜೆರಾಕ್ಸ್ ಯಂತ್ರದ ಮುಚ್ಚಳದಡಿ, ಬಿಸಿ ಗಾಜಿನ ಮೇಲೆ ಹರಡಿ ಇಸ್ತ್ರಿಗಿಟ್ಟಿದ್ದ. ಆಗ ಬಂದರು ಪಕ್ಕದಂಗಡಿಯ ಮರುಳಸಿದ್ದಪ್ಪನವರು. ಪೈಪು, ಪಂಪು, ತೋಟಕ್ಕೆ ಔಷಧಿ ಹೊಡೆಯುವ ಸ್ಪ್ರೇಯರುಗಳ ದೊಡ್ಡ ವ್ಯಾಪಾರಿ. ಧರ್ಮೇಶನ ಅಂಗಡಿಯಿದ್ದ ಕಟ್ಟಡವೂ ಅವರದ್ದೇ. ಊರಿಗೆಲ್ಲ ಸಾವ್ಕಾರ್ರು.

“ಇದೊಂದು ಕೊಟೇಶನ್ನು ಜೆರಾಕ್ಸ್ ಮಾಡ್ಕೊಡು ಮಾರಾಯ, ಗಿರಾಕಿ ಕಾಯ್ತಾ ಕೂತಿದಾರೆ.”

ಅವಸರದಲ್ಲಿ ಧರ್ಮೇಶ ಪ್ಯಾಂಟನ್ನು ಎತ್ತಿ, ಅದರಡಿ ಕಾಗದ ತೂರಿಸಿ, ಗುಂಡಿ ಒತ್ತಿದ. ಹೊರಗೆ ಬಂದ ಪ್ರತಿಯಲ್ಲಿ ಪೈಪಿನ ದರವೆಲ್ಲ ಸ್ಪಷ್ಟವಾಗಿತ್ತು. ದರಪಟ್ಟಿಯ ಪಕ್ಕದ ಖಾಲಿ ಜಾಗದಲ್ಲಿ, ಅಷ್ಟೇ ಸ್ಪಷ್ಟವಾಗಿ, ಒಂದು ಪ್ಯಾಂಟಿನ ಜಿಪ್ಪು.

ಮರುಳಸಿದ್ದಪ್ಪನವರು ಅದನ್ನು ನೋಡದೆ ಗಿರಾಕಿಯ ಕೈಗೇ ಕೊಟ್ಟರು. ಗಿರಾಕಿ ಹೆಂಗಸು.

ಆಮೇಲೆ ಬೀದಿಯಿಡೀ ಕೇಳುವಂತೆ ಸಾವ್ಕಾರ್ರು ಗುಡುಗಿದರು: “ಎಂತದೋ ಇದು ನಿನ್ನ ಅವತಾರ? ಇದು ಜೆರಾಕ್ಸ್ ಅಂಗಡಿಯೋ ಅಗಸರ ಕಟ್ಟೆಯೋ? ದಿನಾ ಮಾಲ್ಟಾ ಮಾಲ್ಟಾ ಅಂತ ಬಾಯಿ ಬಡ್ಕೊತೀಯಲ್ಲ, ಹೋಗು, ಅಲ್ಲೇ ಹೋಗಿ ಒಣಗಿಸ್ಕೋ ನಿನ್ನ ಪ್ಯಾಂಟು! ಸೀತೂರಿನ ಗಡಿ ದಾಟದೋನು ಸಮುದ್ರ ದಾಟ್ತಾನಂತೆ!”

ಎದುರಿನ ಟೈಲರ್ ಮಲ್ಲೇಶಪ್ಪ ನಕ್ಕ. ಕ್ಯಾಂಟೀನಿನ ಹೊನ್ನಕ್ಕ ಟೀ ಸೋಸುತ್ತ ನಕ್ಕಳು. ಪ್ಯಾಂಟಿಗೆ ಬೈದಿದ್ದರೆ ಧರ್ಮೇಶ ಸಹಿಸುತ್ತಿದ್ದ. ಬೈದದ್ದು ಮಾಲ್ಟಾಕ್ಕೆ.

ಸಾವ್ಕಾರ್ರಿಗೆ ಪೈಪು ಕೊಡುವ ಕಂಪನಿ ವರ್ಷಕ್ಕೊಮ್ಮೆ ಒಳ್ಳೆ ವ್ಯಾಪಾರ ಮಾಡಿದ ಡೀಲರುಗಳನ್ನು ಫಾರಿನ್ ಟೂರಿಗೆ ಕರೆದೊಯ್ಯುತ್ತಿತ್ತು. ಪ್ರತಿ ವರ್ಷವೂ ಸಾವ್ಕಾರ್ರು ಕೂದಲೆಳೆಯಲ್ಲಿ ಅವಕಾಶ ತಪ್ಪಿ ಮನೆಯಲ್ಲೇ ಉಳಿಯುತ್ತಿದ್ದದ್ದು ಬೀದಿಗೆಲ್ಲ ಗೊತ್ತು. ಶಿವಮೊಗ್ಗದಲ್ಲಿರುವ ಏರಿಯಾ ಮ್ಯಾನೇಜರ್ ಸೋಮನಾಥರ ಗಂಟಲೂ ಬೀದಿಗೆಲ್ಲ ಗೊತ್ತು. ಅವರು ಮಾತಿಗೆ ಮುಂಚೆ ಚಳಿಗಾಲದ ಜೀಪಿನ ಹಾಗೆ ಎರಡು ಸಲ ಗೊರಗುಟ್ಟಿ ಸ್ಟಾರ್ಟ್ ಆಗುತ್ತಿದ್ದರು. ಪ್ರತಿ ಮಾತಿನ ಕೊನೆಗೂ ‘ಅಂಡರ್‌ಸ್ಟ್ಯಾಂಡ್?’ ಎಂದು ಬ್ರೇಕು ಹಾಕುತ್ತಿದ್ದರು.

ಧರ್ಮೇಶ ಬೂತಿನ ಬಾಗಿಲು ಹಾಕಿಕೊಂಡ. ಅವನ ಬೂತಿಗೂ ಸಾವ್ಕಾರ್ರ ಗಲ್ಲಾಕ್ಕೂ ನಡುವೆ ಇದ್ದದ್ದು ಒಂದು ಪ್ಲೈವುಡ್ ಹಲಗೆ. ದನಿ ಹಲಗೆಯಿಂದಲೂ ಕೇಳಿಸಿಬಿಟ್ಟರೆ? ಜೆರಾಕ್ಸ್ ಯಂತ್ರಕ್ಕೆ ಖಾಲಿ ಹಾಳೆ ತಿನ್ನಲು ಬಿಟ್ಟು, ಅದರ ಗರಗರದ ಮರೆಯಲ್ಲಿ ನಂಬರು ತಿರುಗಿಸಿದ.

“ಹಲೋ... ಗೊರ್‌ರ್... ಗೊರ್‌ರ್ರ್... ಮರುಳಸಿದ್ದಪ್ಪನವರಾ? ಸೋಮನಾಥ್ ಹಿಯರ್. ಅಂಡರ್‌ಸ್ಟ್ಯಾಂಡ್?”

“ಸಾರ್! ನಮಸ್ಕಾರ ಸಾರ್! ಹೇಳಿ ಸಾರ್!” ಮಾತು ಫೋನಿನಿಂದ ಒಂದು ಕಿವಿಗೂ ಹಲಗೆಯಿಂದ ಇನ್ನೊಂದು ಕಿವಿಗೂ ಬಂತು.

“ನಿಮ್ಮ ಫಾರಿನ್ ಟೂರ್ ಕನ್ಫರ್ಮ್. ಮೂರು ದಿನ. ಮಾಲ್ಟಾ.”

“ಕನ್ಫರ್ಮಾ ಸಾರ್? ಖಾತ್ರಿಯಾ? ಮಾಲ್ಟಾನೇನಾ?”

ಗಾಳ ನೀರಿಗೆ ಬೀಳುವ ಮುಂಚೆಯೇ ಹಾರಿ ಬಂದು ಕಚ್ಚುವ ಮೀನನ್ನು ಧರ್ಮೇಶ ಭದ್ರಾ ಹಿನ್ನೀರಿನಲ್ಲೂ ನೋಡಿರಲಿಲ್ಲ. ನಗು ಮೂಗಿನವರೆಗೆ ಬಂತು. ಒದ್ದೆ ಪ್ಯಾಂಟಿನ ಕಾಲನ್ನು ಬಾಯಿಗೆ ಅಡ್ಡ ಹಿಡಿದ.

“ಮತ್ತೆ ಸಾರ್, ಜೊತೆಗೆ ಒಬ್ರು...” ಸಾವ್ಕಾರ್ರು ರಾಗ ಎಳೆದರು. “ನಮ್ಮನೆಯೋಳಿಗೆ ವಿಮಾನ ಅಂದ್ರೆ ಭಯ. ಅದಕ್ಕೆ ನಾನು...”

“ಜೊತೆಗೆ ಅಡಿಗೆಯೋರನ್ನ ಕರ್ಕೊಂಡು ಬರಬೇಕು.”

“ಅಡಿಗೆಯೋರಾ?”

“ಮಾಲ್ಟಾದಲ್ಲಿ ಎಂತ ತಿಂತಾರೆ ಗೊತ್ತಾ? ಮೊಲ. ಬೆಳಿಗ್ಗೆ ಮೊಲ, ಮಧ್ಯಾಹ್ನ ಮೊಲ, ಸಂಜೆ ಟೀ ಜೊತೆಗೂ ಮೊಲ. ನೀವು ಲಿಂಗಪೂಜೆ ಮಾಡೋರು. ಹೆಚ್ಚು ಕಡಿಮೆ ಆದ್ರೆ ಕಂಪನಿ ಜವಾಬ್ದಾರಿ ಅಲ್ಲ. ಅಂಡರ್‌ಸ್ಟ್ಯಾಂಡ್?”

“ಅದು ಸರಿ ಸಾರ್. ಆದ್ರೆ ನಾನು ಮನಸ್ಸಲ್ಲಿ ಬೇರೆ...”

“ನೋ ಬೇರೆ! ಕುಕ್. ಓನ್ಲಿ ಕುಕ್. ಕೊಪ್ಪ, ಶೃಂಗೇರಿ, ಎನ್.ಆರ್.ಪುರ, ಮೂರು ತಾಲೂಕಿಗೂ ಹೆಸರಾದ ಕುಕ್ ಆಗಬೇಕು. ಇವತ್ತೇ ಗೊತ್ತು ಮಾಡಿ.”

ಫೋನಿಟ್ಟ. ಪ್ಯಾಂಟಿನೊಳಗೆ ಮುಖ ಹುದುಗಿಸಿ ನಕ್ಕೇ ನಕ್ಕ. ಇನ್ನು ಸಾವ್ಕಾರ್ರು ಬೀದಿಗೆ ಬಂದು ಕೂಗಾಡುತ್ತಾರೆ, ನಾಲ್ಕು ಜನ ಸೇರುತ್ತಾರೆ, ಆಗ ಮೆಲ್ಲಗೆ ಮ್ಯಾನೇಜರ್ ಗಂಟಲಿನಲ್ಲೇ ‘ಸಾವ್ಕಾರ್ರೇ, ಸಮುದ್ರ ದಾಟಿದಿರಾ?’ ಎಂದರಾಯಿತು. ಲೆಕ್ಕ ಸಮ.

ಸಾವ್ಕಾರ್ರು ಕೂಗಾಡಲಿಲ್ಲ. ಸದ್ದಿಲ್ಲದೆ ಬಂದು ಧರ್ಮೇಶನ ಮುಂದೆ ನಿಂತರು. ಮುಖ ಪೂಜೆ ಮುಗಿಸಿ ಬಂದವರ ಹಾಗೆ ಬೆಳಗುತ್ತಿತ್ತು. ಆದರೂ ಕಣ್ಣಲ್ಲಿ ಏನೋ ಒಂದು ಮುಜುಗರ.

“ಧರ್ಮೇಶ, ಆ ಮಾಲ್ಟಾದಲ್ಲಿ ನಿಜಕ್ಕೂ ಮೊಲ ತಿಂತಾರೇನೋ?”

“ತಿಂತಾರೆ ಸಾವ್ಕಾರ್ರೇ. ಅಲ್ಲಿ ಅದೇ ಹಬ್ಬದಡಿಗೆ.”

“ಛೆ. ಹಂಗಾದ್ರೆ ಸೋಮನಾಥ್ರು ಹೇಳಿದ್ದು ಸರಿ.” ಒಂದು ಗಳಿಗೆ ಅವನನ್ನೇ ನೋಡಿದರು. ಆಮೇಲೆ ತಡೆಯಲಾರದೆ ಅವನ ಎರಡೂ ಭುಜ ಹಿಡಿದು ಅಲ್ಲಾಡಿಸಿದರು. “ಹೊರಟೆ ಮಾರಾಯ! ನಾನು ಮಾಲ್ಟಾಕ್ಕೆ ಹೊರಟೆ! ಹಾಕು ನಿನ್ನ ಕಂಪ್ಯೂಟರು. ಮೂರು ದಿನದಲ್ಲಿ ಎಂತೆಂತ ನೋಡಬೇಕು, ಎಲ್ಲಿ ಇಳಿಬೇಕು, ಎಲ್ಲಿ ಹತ್ತಬೇಕು, ನೀನೇ ಹೇಳು. ನಿನಗಿಂತ ತಿಳಿದೋರು ಈ ಮೂರು ತಾಲೂಕಲ್ಲಿ ಯಾರಿದಾರೆ?”

ಧರ್ಮೇಶ ನಿಜ ಹೇಳಲೆಂದೇ ಬಾಯಿ ತೆರೆದಿದ್ದ. ಆದರೆ ಇಷ್ಟು ವರ್ಷದಲ್ಲಿ ಒಬ್ಬ ನರಪಿಳ್ಳೆಯೂ ಅವನನ್ನು ‘ಮಾಲ್ಟಾದ ಬಗ್ಗೆ ಹೇಳು’ ಎಂದು ಕೇಳಿರಲಿಲ್ಲ. ತೆರೆದ ಬಾಯಿಂದ ಮಾಲ್ಟಾವೇ ಬಂತು.

“ನೋಡಿ ಸಾವ್ಕಾರ್ರೇ, ನೀವು ಕೊಪ್ಪದಲ್ಲಿ ಶೃಂಗೇರಿ ಬಸ್ ಹತ್ತಿದ್ರಿ ಅಂದ್ಕೊಳ್ಳಿ. ಹರಿಹರಪುರದಲ್ಲಿ ಟೀ ಕುಡಿಯಕ್ಕೆ ಇಳಿದ್ರೆ ಅಲ್ಲಿಗೆ ಅರ್ಧ ದೇಶ ಮುಗೀತು. ಶೃಂಗೇರಿ ಬರೋದ್ರೊಳಗೆ ದ್ವೀಪ ಖಾಲಿಯಾಗಿ ಸಮುದ್ರಕ್ಕೆ ಬೀಳ್ತೀರಿ.”

“ಅಷ್ಟೇ ಅಷ್ಟಾ? ಅದಕ್ಕೆ ಒಬ್ಬ ಪ್ರಧಾನಮಂತ್ರಿ ಬೇರೆ ಇದಾನಾ?”

“ಇದಾನೆ. ಹಳೇ ಹಳದಿ ಬಸ್ಸುಗಳಿದಾವೆ. ಡ್ರೈವರೇ ಮಾಲೀಕ. ಎದುರಿಗೆ ದೇವರ ಪಟ ಹಾಕ್ಕೊಂಡು ಓಡಿಸ್ತಾನೆ.”

“ಹೂವು ಹಾಕಿ?”

“ದೋಣಿಗಳಿಗಂತೂ ಮೂತಿ ಮೇಲೆ ಎರಡು ಕಣ್ಣು ಬರೆದಿರ್ತಾರೆ. ದೃಷ್ಟಿ ತಾಗಬಾರದು ಅಂತ.”

“ಹಂಗಾದ್ರೆ ನಮ್ಮೋರೇ ಬಿಡು!” ಸಾವ್ಕಾರ್ರು ಕುರ್ಚಿ ಹತ್ತಿರ ಎಳೆದುಕೊಂಡರು.

ಮೊದಲ ದಿನ ವ್ಯಾಲೆಟ್ಟಾ. ಬೆಲ್ಲದ ಬಣ್ಣದ ಕಲ್ಲಿನ ಊರು, ಮೆಟ್ಟಿಲು ಮೆಟ್ಟಿಲಾಗಿ ನೇರ ಸಮುದ್ರಕ್ಕೇ ಇಳಿಯುವ ಬೀದಿಗಳು. ಎರಡನೇ ದಿನ ದೋಣಿಯಲ್ಲಿ ಪಕ್ಕದ ಗೋಜೋ ದ್ವೀಪ. ಮೂರನೇ ದಿನ ನಡುವೆ ಸಿಗುವ ಪುಟ್ಟ ಕೊಮಿನೋ. ಅಲ್ಲಿಯ ನೀರಿನ ಚಿತ್ರ ಪರದೆಯ ಮೇಲೆ ಮೇಲಿನಿಂದ ಕೆಳಕ್ಕೆ ಇಷ್ಟಿಷ್ಟೇ ಇಳಿದು ಬರುವವರೆಗೆ ಇಬ್ಬರೂ ಉಸಿರು ಬಿಗಿಹಿಡಿದು ಕೂತರು.

“ಅಬ್ಬಬ್ಬಾ! ತೋಟಕ್ಕೆ ಹೊಡೆಯೋ ನೀಲಿ ಮೈಲುತುತ್ತ ಡ್ರಮ್ಮಲ್ಲಿ ಕರಗಿಸಿದಂಗೆ ಇದೆಯಲ್ಲೋ!” ಎಂದರು ಸಾವ್ಕಾರ್ರು.

ಧರ್ಮೇಶನಿಗೆ ರೋಮಾಂಚನವಾಯಿತು. ತಾನು ಹೂಡಿದ ಸುಳ್ಳು ಅವನಿಗೆ ಮರೆತೇಹೋಯಿತು. ಮಧ್ಯಾಹ್ನದ ಬಿಸಿಲಿಗೆ ಟೋಪಿ ಬೇಕೋ ಕೊಡೆ ಸಾಕೋ, ಗೋಜೋ ದೋಣಿಯಲ್ಲಿ ಎಡಗಡೆ ಕೂರಬೇಕೋ ಬಲಗಡೆಯೋ ಎಂದು ಇಬ್ಬರೂ ಜೋರು ವಾದಕ್ಕೆ ಬಿದ್ದಾಗ ಹೊನ್ನಕ್ಕ ಟೀ ತಂದಳು.

“ಎಂತ ಸಾವ್ಕಾರ್ರೇ, ಎಲ್ಲಿಗೆ ಹೊರಟಿದ್ದು?”

“ಮಾಲ್ಟಾಕ್ಕೆ ಹೊನ್ನಕ್ಕ! ಕಂಪನಿ ಕಳಿಸ್ತಾ ಇದೆ!”

“ರಾಗಿ ಮಾಲ್ಟ್ ಮಾಡೋ ಊರಾ?”

ಹೊನ್ನಕ್ಕನಿಗೆ ಹೇಳಿದ್ದು ಬಸ್ಸಿನ ತಲೆಯ ಮೇಲೆ ಬರೆಸಿದ ಹಾಗೆ. ಜಯಪುರದ ಬಸ್ಸು ಹೊರಡುವುದರೊಳಗೆ ಸುದ್ದಿಯೂ ಅದರಲ್ಲಿ ಸೀಟು ಹಿಡಿದಿತ್ತು. ನಮ್ಮ ಕಡೆ ಯಾರಾದರೂ ದೂರಕ್ಕೆ ಹೊರಟರೆ ಅವರ ಚೀಲ ಅವರದ್ದಲ್ಲ, ಊರಿನದ್ದು. ‘ಹೆಂಗೂ ಹೋಗ್ತೀರಲ್ಲ, ಇದೊಂದು ಕೊಟ್ಟುಬಿಡಿ’ ಎಂದು ಜನ ಬರಲು ಶುರುವಾಯಿತು. ಹೊನ್ನಕ್ಕನೇ ಮೊದಲು, ಒಂದು ಭರಣಿ ಮಿಡಿ ಉಪ್ಪಿನಕಾಯಿಯೊಂದಿಗೆ.

“ನಮ್ಮಕ್ಕನ ಮೊಮ್ಮಗ ಜರ್ಮನಿಯಲ್ಲಿ ಓದ್ತಿದಾನೆ. ಅವನಿಗೆ ಕೊಟ್ಟುಬಿಡಿ.”

“ಜರ್ಮನಿ ಬೇರೆ ಹೊನ್ನಕ್ಕ, ಮಾಲ್ಟಾ ಬೇರೆ,” ಎಂದ ಧರ್ಮೇಶ.

“ತೋರ್ಸು ನೋಡನ.” ಧರ್ಮೇಶ ಭೂಪಟ ತೋರಿಸಿದ. ಹೊನ್ನಕ್ಕ ಪರದೆಯ ಮೇಲೆ ಗೇಣು ಹಾಕಿ ಅಳೆದಳು. “ನಾಲ್ಕು ಬೆರಳೂ ಇಲ್ಲ! ಸಂಜೆ ಹೊತ್ತಿಗೆ ಹೋಗಿ ಬರೋದಪ್ಪ. ಸೋಮಾರಿತನ ಮಾಡಬೇಡಿ ಸಾವ್ಕಾರ್ರೇ.”

ಹಿಂದೆಯೇ ಹಲಸಿನ ಹಪ್ಪಳ ಬಂತು, ಸಿಹಿ ತೊಡದೇವು ಬಂತು, ಯಾರದೋ ಸೊಂಟನೋವಿಗೆ ನಾರಾಯಣ ತೈಲ ಬಂತು. ಎಲ್ಲದರ ಮೇಲೂ ಹೆಸರು ಬರೆಯುವ ಕೆಲಸ ಧರ್ಮೇಶನದ್ದು. ಬರೆಯುತ್ತ ಬರೆಯುತ್ತ ಅವನಿಗೆ ನಿಧಾನಕ್ಕೆ ಎಚ್ಚರವಾಯಿತು. ಈ ಉಪ್ಪಿನಕಾಯಿ ಎಲ್ಲಿಗೆ ಹೋಗುತ್ತದೆ? ನಾಳೆ ಇದೆಲ್ಲ ವಾಪಸ್ಸು ಹೋಗುವಾಗ ಜನ ತನ್ನನ್ನು ಯಾವ ಭರಣಿಗೆ ಹಾಕುತ್ತಾರೆ? ಅಂಗಡಿಯಂತೂ ಇರುವುದು ಸಾವ್ಕಾರ್ರ ಕಟ್ಟಡದಲ್ಲಿ. ಅವಮಾನ ತಡೆಯದೆ ಅವರು ‘ಖಾಲಿ ಮಾಡು’ ಎಂದರೆ ಎರಡನೇ ಕಂಪ್ಯೂಟರೂ ಇಲ್ಲ, ಮಾಲ್ಟಾವೂ ಇಲ್ಲ.

“ಸಾವ್ಕಾರ್ರೇ, ಬೆಳಿಗ್ಗೆ ಆ ಫೋನು ಬಂತಲ್ಲ...” ಎಂದು ಶುರುಮಾಡಿದ.

ಅಷ್ಟರಲ್ಲಿ ಟೈಲರ್ ಮಲ್ಲೇಶಪ್ಪ ಟೇಪು ಹಿಡಿದು ಒಳನುಗ್ಗಿದ. “ಸಾವ್ಕಾರ್ರೇ, ಸಮುದ್ರದ ದಂಡೆಯಲ್ಲಿ ಪಂಚೆ ಉಟ್ರೆ ಗಾಳಿಗೆ ಹಡಗಿನ ಪಟ ಆಗ್ತದೆ. ಚಡ್ಡಿ ಹೊಲಿಸ್ಬೇಕು.”

ಹುಟ್ಟಿದಾಗಿನಿಂದ ಮೊಣಕಾಲು ಊರಿಗೆ ತೋರಿಸದ ಮರುಳಸಿದ್ದಪ್ಪನವರು ನಾಚಿ ಕೆಂಪಾದರು. ಆದರೂ ಕೈ ಮೇಲೆತ್ತಿ ಅಳತೆಗೆ ನಿಂತರು. ಹೊಟ್ಟೆಯ ಸುತ್ತ ಟೇಪು ಸಾಲದೆ ಮಲ್ಲೇಶಪ್ಪ ಧರ್ಮೇಶನ ಬೆರಳನ್ನೇ ಗುರುತಿಗೆ ಒತ್ತಿಟ್ಟುಕೊಂಡ. ನಿಜ ಹೇಳಬೇಕಾದ ಮನುಷ್ಯ ಸಾವ್ಕಾರ್ರ ಹೊಕ್ಕುಳಿಗೆ ಬೆರಳಿಟ್ಟು ನಿಂತಿದ್ದ. ಅಂಥ ಭಂಗಿಯಲ್ಲಿ ಯಾವ ತಪ್ಪೊಪ್ಪಿಗೆಯೂ ಗಂಭೀರವಾಗಿ ಕೇಳಿಸುವುದಿಲ್ಲ.

ಬೆರಳು ಬಿಡುಗಡೆಯಾಗುವ ಹೊತ್ತಿಗೆ ಬಾಗಿಲು ಕತ್ತಲಾಯಿತು. ಬಾಗಿಲ ತುಂಬ ನಿಂತವರು ಸುಬ್ರಾಯ ಭಟ್ಟರು. ಮೂರು ತಾಲೂಕಿನಲ್ಲಿ ಅವರ ಹೋಳಿಗೆ ತಿನ್ನದೆ ಮದುವೆಯಾದವರಿಲ್ಲ. ಮುತ್ತಿನಕೊಪ್ಪದಲ್ಲಿ ಗೃಹಪ್ರವೇಶದ ಅಡಿಗೆ ಮುಗಿಸಿ ಬಸ್ಸಿಳಿಯುತ್ತಿದ್ದವರನ್ನು ಹೊನ್ನಕ್ಕನೇ ಹಿಡಿದು ತಂದಿದ್ದಳು.

“ಎಂತ ಸಾವ್ಕಾರ್ರೇ, ಬರಕ್ಕೆ ಹೇಳಿದ್ರಂತೆ? ಎಷ್ಟು ಜನಕ್ಕೆ ಅಡಿಗೆ?”

“ಒಬ್ಬನಿಗೆ ಭಟ್ರೇ. ನನಗೆ. ಮಾಲ್ಟಾದಲ್ಲಿ.”

ಭಟ್ಟರು ರೆಪ್ಪೆ ಬಡಿಯಲಿಲ್ಲ. “ಅಲ್ಲಿ ಒಲೆ ಸೌದೆದೋ ಗ್ಯಾಸಿನದೋ?”

“ಭಟ್ರೇ, ಅದು ಫಾರಿನ್ನು,” ಎಂದ ಧರ್ಮೇಶ, ಮುಳುಗುವವನ ದನಿಯಲ್ಲಿ. “ಪಾಸ್‌ಪೋರ್ಟ್ ಬೇಕು.”

“ಇದೆಯಲ್ಲ ಮಾಣಿ. ಮಸ್ಕತ್ತಲ್ಲಿ ಮದುವೆ ಅಡಿಗೆ ಮಾಡಿ ಬಂದೋನು ನಾನು.”

ಸಾವ್ಕಾರ್ರ ಹೆಂಡತಿ ವೀರಮ್ಮನವರು ಹಿಂದಿನ ಮನೆಯಿಂದ ತಟ್ಟೆ ತಂದರು. ಅದರಲ್ಲಿ ಎಲೆ, ಅಡಿಕೆ, ಒಂದು ತೆಂಗಿನಕಾಯಿ. ಗಂಡ ಹೊರಟದ್ದರಲ್ಲಿ ಅವರಿಗೆ ದೊಡ್ಡ ಸಂತೋಷ ತಾವು ವಿಮಾನ ಹತ್ತಬೇಕಾಗಿಲ್ಲ ಎಂಬುದು. ಧರ್ಮೇಶ ತಟ್ಟೆಗೆ ಅಡ್ಡ ಬಂದ. ಮಲೆನಾಡಿನಲ್ಲಿ ಅಡಿಗೆಯವರಿಗೆ ವೀಳ್ಯ ಕೊಟ್ಟರೆ ಮುಗಿಯಿತು. ಆಮೇಲೆ ಮದುವೆ ಗಂಡೇ ಓಡಿಹೋದರೂ ಅಡಿಗೆಯವರು ಹೇಳಿದ ದಿನ ಬಂದು ಒಲೆ ಹಚ್ಚುತ್ತಾರೆ. ವೀಳ್ಯ ಕೊಟ್ಟು ಬೇಡವೆಂ‌ದವರ ಮನೆಗೆ ಮುಂದೆ ಯಾವ ಸೌಟೂ ಬರುವುದಿಲ್ಲ.

“ಸಾವ್ಕಾರ್ರೇ, ವೀಳ್ಯ ನಾಳೆ ಕೊಟ್ರಾಗಲ್ವಾ?”

“ಶ್ರಾವಣ ಸೋಮವಾರ ಕಣೋ ಇವತ್ತು. ಇದಕ್ಕಿಂತ ಒಳ್ಳೆ ದಿನ ಎಲ್ಲಿಂದ ತರಲಿ?”

ಹತ್ತಾರು ಜನರ ಎದುರು ಭಟ್ಟರು ತಟ್ಟೆ ಕಣ್ಣಿಗೊತ್ತಿಕೊಂಡರು. ಅಲ್ಲೇ ಕೂತು, ಎಲೆಗೆ ಸುಣ್ಣ ಸವರಿ ಬಾಯಿಗೆ ಹಾಕಿಕೊಂಡರು. ಧರ್ಮೇಶನ ಬೂತಿನಿಂದಲೇ ಜಯಪುರಕ್ಕೆ ಫೋನು ಹಚ್ಚಿದರು. “ನಿಮ್ಮನೆ ಮದುವೆಗೆ ಬೇರೆಯೋರನ್ನ ನೋಡ್ಕೊಳ್ಳಿ. ನಾನು ಫಾರಿನ್ನಿಗೆ ಹೊರಟೆ.”

ಧರ್ಮೇಶನಿಗೆ ಉಳಿದದ್ದು ಒಂದೇ ಉಪಾಯ. ಕಟ್ಟಿದ ಗಂಟಲಿನಿಂದಲೇ ಬಿಚ್ಚುವುದು. ಗದ್ದಲದ ನಡುವೆ ಬೂತು ಸೇರಿ, ಜೆರಾಕ್ಸಿಗೆ ಮತ್ತೆ ಹಾಳೆ ತಿನ್ನಿಸಿ, ನಂಬರು ತಿರುಗಿಸಿದ. ಎತ್ತಿದವರು ವೀರಮ್ಮ.

“ಗೊರ್‌ರ್... ಸೋಮನಾಥ್ ಹಿಯರ್. ಟೂರಲ್ಲಿ ಒಂದು ಬದಲಾವಣೆ...”

“ಬದಲಾವಣೆಗಿದಲಾವಣೆ ಎಂತದೂ ಇಲ್ಲ ನೋಡಿ!” ವೀರಮ್ಮನವರ ದನಿಗೆ ಹಲಗೆ ನಡುಗಿತು. “ಅಡಿಗೆಯೋರಿಗೆ ವೀಳ್ಯ ಕೊಟ್ಟಾಗಿದೆ. ಭಟ್ರು ಬಾಯಿಗೂ ಹಾಕ್ಕೊಂಡಾಗಿದೆ. ನೀವಲ್ಲ, ನಿಮ್ಮ ಕಂಪನಿ ಯಜಮಾನ್ರೇ ಬಂದ್ರೂ ಬದಲಾಗಲ್ಲ. ಇಡಿ ಫೋನು!”

ಅಂಡರ್‌ಸ್ಟ್ಯಾಂಡ್ ಎನ್ನಲೂ ಬಿಡದೆ ಅವರೇ ಇಟ್ಟುಬಿಟ್ಟರು.

ಸಂಜೆಯಾಯಿತು. ಮಳೆ ತುಸು ಹೊಳವಾಯಿತು. ಹೊನ್ನಕ್ಕನ ಖರ್ಚಿನಲ್ಲಿ ಎಲ್ಲರಿಗೂ ಟೀ, ಸಾವ್ಕಾರ್ರ ಖರ್ಚಿನಲ್ಲಿ ಬಿಸಿ ಬಿಸಿ ಬೋಂಡ. ಪೈಪಂಗಡಿಯ ಮುಂದೆ ಜನವೋ ಜನ. ಯಾರೋ ಸಾವ್ಕಾರ್ರ ಕೊರಳಿಗೆ ಹಾರ ಹಾಕಿದರು. ಮೈಕು ಇಲ್ಲದ್ದಕ್ಕೆ ಮಲ್ಲೇಶಪ್ಪ ಒಂದು ತುಂಡು ಪೈಪು ಬಾಯಿಗಿಟ್ಟುಕೊಂಡು ಭಾಷಣವನ್ನೂ ಮಾಡಿದ. ಸಾವ್ಕಾರ್ರು ಕಣ್ಣೊರೆಸಿಕೊಂಡರು. ಅದನ್ನು ನೋಡಿ ಧರ್ಮೇಶನಿಗೆ ಇನ್ನು ತಡೆಯಲಾಗಲಿಲ್ಲ. ಅಂಗಡಿ ಹೋದರೆ ಹೋಗಲಿ! ಸ್ಟೂಲು ಹತ್ತಿ ನಿಂತ.

“ಸಾವ್ಕಾರ್ರೇ! ಎಲ್ಲರೂ ಕೇಳಿ! ಬೆಳಿಗ್ಗೆ ಫೋನ್ ಮಾಡಿದ್ದು ಸೋಮನಾಥ್ ಸಾರ್ ಅಲ್ಲ. ನಾನು!”

“ಎಂತ ಹೇಳ್ತಾನೆ ಇವನು?”

“ನಂಬಲ್ವಾ? ಕೇಳಿ ಹಂಗಾದ್ರೆ.” ಎದೆ ತುಂಬ ಗಾಳಿ ಎಳೆದುಕೊಂಡ. “ಗೊರ್‌ರ್... ಗೊರ್‌ರ್ರ್... ಮರುಳಸಿದ್ದಪ್ಪನವರಾ? ನಿಮ್ಮ ಫಾರಿನ್ ಟೂರ್ ಕನ್ಫರ್ಮ್! ಬೆಳಿಗ್ಗೆ ಮೊಲ, ಮಧ್ಯಾಹ್ನ ಮೊಲ, ಸಂಜೆ ಟೀ ಜೊತೆಗೂ ಮೊಲ! ಅಂಡರ್‌ಸ್ಟ್ಯಾಂಡ್?”

ಬೀದಿ ಹಾರಿಹೋಗುವಂಥ ಚಪ್ಪಾಳೆ.

“ಭಲೇ! ಸಾಕ್ಷಾತ್ ಸೋಮನಾಥ್ರೇ!” ಎಂದು ಮಲ್ಲೇಶಪ್ಪ ಪೈಪಿನಲ್ಲಿ ಕೂಗಿದ. “ಬೀಳ್ಕೊಡುಗೆ ಸಮಾರಂಭ ಅಂದ್ರೆ ಇದು! ಒನ್ಸ್ ಮೋರ್!”

“ಪ್ರೋಗ್ರಾಂ ಅಲ್ಲ, ನಿಜ ಹೇಳ್ತಾ ಇದೀನಿ!” ಎಂದು ಧರ್ಮೇಶ ಅಂಗಲಾಚಿದ. ಅದಕ್ಕೂ ಚಪ್ಪಾಳೆ ಬಿತ್ತು. ಹೊನ್ನಕ್ಕನಂತೂ “ಅಳೋದನ್ನ ಎಷ್ಟು ಚಂದ ಮಾಡ್ತಾನೆ ನೋಡಿ!” ಎಂದಳು. ಅವನು ರೋಸಿಹೋಗಿ ಇನ್ನೂ ಜೋರಾಗಿ ಗಂಟಲು ಗೊರಗುಟ್ಟಿಸಿದ. ಅದಕ್ಕೆ ಜನರ ಹಿಂದಿನಿಂದ ಪ್ರತಿಧ್ವನಿ ಬಂತು.

“ಗೊರ್‌ರ್... ಗೊರ್‌ರ್ರ್... ಯಾರ್ರೀ ಅದು, ನನ್ನ ಗಂಟಲು ಕದ್ದಿರೋದು?”

ಜನ ಎರಡು ಪಾಲಾಯಿತು. ಕೊಡೆ ಮಡಿಸುತ್ತ, ಕೈಲೊಂದು ಸ್ವೀಟ್ ಡಬ್ಬಿ ಹಿಡಿದು, ಏರಿಯಾ ಮ್ಯಾನೇಜರ್ ಸೋಮನಾಥರೇ ನಿಂತಿದ್ದರು. ಧರ್ಮೇಶ ಸ್ಟೂಲಿನ ಮೇಲೇ ಕಲ್ಲಾದ.

ಸೋಮನಾಥರು ಸಾವ್ಕಾರ್ರ ಹಾರ, ಭರಣಿಗಳ ಸಾಲು, ಬೋಂಡ ಎಲ್ಲ ನೋಡಿದರು. “ಏನ್ರೀ ಮರುಳಸಿದ್ದಪ್ಪ, ಕನ್ಫರ್ಮ್ ಆಗಿದ್ದು ಹೇಳೋಣ ಅಂತ ಶಿವಮೊಗ್ಗದಿಂದ ಬಂದ್ರೆ ಇಲ್ಲಿ ಆಗಲೇ ಸಮಾರಂಭ! ಆಯ್ತು, ಕಂಗ್ರಾಜುಲೇಶನ್ಸ್. ಮಾಲ್ಟಾ, ಮೂರು ದಿನ, ನೀವು ಮತ್ತು ಜೊತೆಗೊಬ್ಬರು. ನಿನ್ನೆ ಕೇಳಿದ ಹಾಗೇ ಸ್ಯಾಂಕ್ಷನ್ ಆಗಿದೆ. ಅಂಡರ್‌ಸ್ಟ್ಯಾಂಡ್?”

ಧರ್ಮೇಶ ಸ್ಟೂಲಿನಿಂದ ಇಳಿದನೋ ಬಿದ್ದನೋ ಗೊತ್ತಾಗಲಿಲ್ಲ. “ನಿಜವಾದ ಮಾಲ್ಟಾನಾ?”

“ಸುಳ್ಳು ಮಾಲ್ಟಾ ಅಂತ ಬೇರೆ ಇದೆಯಾ?” ಎಂದರು ಸೋಮನಾಥರು.

“ಅಡಿಗೆಯೋರನ್ನೂ ಗೊತ್ತು ಮಾಡಿದೀನಿ ಸಾರ್, ನೀವು ಬೆಳಿಗ್ಗೆ ಹೇಳಿದಂಗೇ,” ಎಂದು ಸಾವ್ಕಾರ್ರು ಭಟ್ಟರನ್ನು ಮುಂದೆ ತಂದರು.

“ನಾನಾ? ಬೆಳಿಗ್ಗೆಯಿಂದ ಮೀಟಿಂಗಲ್ಲಿದ್ದೆ. ನಿಮಗೆ ಫೋನೇ ಮಾಡಿಲ್ಲ.”

ಬೀದಿಯ ಕಣ್ಣುಗಳೆಲ್ಲ ನಿಧಾನವಾಗಿ ಧರ್ಮೇಶನ ಕಡೆ ತಿರುಗಿದವು. ಸಾವ್ಕಾರ್ರು ಒಂದೊಂದೇ ಮಾತು ತೂಗಿ ಕೇಳಿದರು.

“ಬೆಳಿಗ್ಗೆ ಫೋನ್ ಮಾಡಿದ್ದು ನಿಜಕ್ಕೂ ನೀನೇನೋ?”

“ಹೌದು ಸಾವ್ಕಾರ್ರೇ.”

“ಜೊತೆಗೆ ಅಡಿಗೆಯೋರೇ ಬರಬೇಕು ಅಂದಿದ್ದು?”

“ನಾನೇ.”

“ನಾನು ಬೇರೆ ಒಬ್ಬನ ಹೆಸರು ಹೇಳೋಕೆ ಹೋದಾಗ ‘ನೋ ಬೇರೆ’ ಅಂತ ಬಾಯಿ ಮುಚ್ಚಿಸಿದ್ದು?”

“ಅದೂ... ನಾನೇ.”

ಸಾವ್ಕಾರ್ರು ಮ್ಯಾನೇಜರರ ಕಡೆ ತಿರುಗಿದರು. “ಸಾರ್, ನಿನ್ನೆ ನಾನು ಯಾರ ಹೆಸರು ಕೊಟ್ಟಿದ್ದೆ, ಇವನಿಗೆ ನೀವೇ ಹೇಳಿ.”

“ಧರ್ಮೇಶ್ ಅಂತ. ಪಕ್ಕದಂಗಡಿ ಹುಡುಗ, ಪಾಸ್‌ಪೋರ್ಟ್ ಇದೆ, ನಿಮಗೆ ಬಾರದ ಇಂಗ್ಲಿಷ್ ಅವನಿಗೆ ಬರ್ತದೆ ಅಂದ್ರಿ. ನಾನು ಬ್ಯಾಂಕಾಕ್ ತಗೊಳ್ಳಿ ಅಂದ್ರೆ, ಬೇಡ ಸಾರ್, ಮಾಲ್ಟಾನೇ ಕೊಡಿ, ಆ ಹುಡುಗ ಅದರದ್ದೇ ಜಪ ಮಾಡ್ತಾನೆ ಅಂತ ಹಠ ಹಿಡಿದ್ರಿ. ಕನ್ಫರ್ಮ್ ಆಗೋವರೆಗೂ ಅವನಿಗೆ ಹೇಳಬಾರದು ಅಂತ ನನ್ನ ಹತ್ರ ಮಾತೂ ತಗೊಂಡ್ರಿ. ಅಂಡರ್‌ಸ್ಟ್ಯಾಂಡ್?”

ಇಷ್ಟು ದಿನ ಧರ್ಮೇಶ ಆ ಪದವನ್ನು ಬರೀ ಉಚ್ಚರಿಸುತ್ತಿದ್ದ. ಅರ್ಥವಾದದ್ದು ಆಗ. ಒಂದೇ ನೆಗೆತಕ್ಕೆ ಭಟ್ಟರ ಮುಂದೆ ಬಂದು ಕೈ ಹಿಡಿದುಕೊಂಡ.

“ಭಟ್ರೇ, ದಮ್ಮಯ್ಯ, ಆ ವೀಳ್ಯ ವಾಪಸ್ ಕೊಟ್ಟುಬಿಡಿ.”

ಭಟ್ಟರು ಬಾಯಿ ತೆರೆದು ತೋರಿಸಿದರು. ಹಲ್ಲು, ನಾಲಿಗೆ ಎಲ್ಲ ಕುಂಕುಮದ ಭರಣಿಯಾಗಿತ್ತು. “ನುಂಗಿ ಆತಲ್ಲ ಮಾಣಿ. ಜಯಪುರದ ಮದುವೆನೂ ಬಿಟ್ಟಾತು. ಇನ್ನು ನಾನು ಹೋಗ್ಲೇಬೇಕು.”

“ಸಾವ್ಕಾರ್ರೇ, ನೀವಾದ್ರೂ ಹೇಳಿ!”

“ವೀಳ್ಯ ಕೊಟ್ಟು ಬೇಡ ಅನ್ನೋಕಾಗ್ತದೇನೋ? ನಮ್ಮನೇಲಿ ಮುಂದೆ ಒಂದು ಮದುವೆ, ಒಂದು ಮುಂಜಿ... ಯಾರು ಬಂದು ಒಲೆ ಹಚ್ತಾರೆ?”

“ಆಮೇಲೆ ಬದಲಾವಣೆ ಅಂತ ಫೋನ್ ಮಾಡಿದ್ದೂ ನೀನೇನಾ ಹಂಗಾದ್ರೆ?” ವೀರಮ್ಮ ಸೊಂಟಕ್ಕೆ ಕೈಯಿಟ್ಟು ಕೇಳಿದರು. ಧರ್ಮೇಶ ತಲೆಯಾಡಿಸಿದ. ವೀರಮ್ಮನವರಿಗೆ ನಗು ಬಂತು, ಸೆರಗನ್ನು ಬಾಯಿಗಿಟ್ಟುಕೊಂಡರು. ಅವರನ್ನು ನೋಡಿ ಹೊನ್ನಕ್ಕ ನಕ್ಕಳು. ಮಲ್ಲೇಶಪ್ಪ ಪೈಪಿನೊಳಗೇ ನಕ್ಕದ್ದರಿಂದ ಅದು ಕಹಳೆಯಂತೆ ಬೀದಿಗೆಲ್ಲ ಕೇಳಿತು.

“ಆದ್ರೆ ಇಂಗ್ಲಿಷ್ ಬರೋರು ಒಬ್ಬರು ಬೇಕಲ್ರೀ,” ಎಂದರು ಸೋಮನಾಥರು.

“ಅದಕ್ಕೆಂತ ಸಾರ್, ನಮ್ಮ ಧರ್ಮೇಶ ಇದಾನಲ್ಲ.” ಸಾವ್ಕಾರ್ರ ಕೆನ್ನೆ ಅದಾಗಲೇ ಅದುರುತ್ತಿತ್ತು. “ನಾಳೆಯಿಂದ ದಿನಾ ಬೆಳಿಗ್ಗೆ ಸುಬ್ರಾಯ ಭಟ್ರಿಗೆ ಇಂಗ್ಲಿಷ್ ಹೇಳಿಕೊಡ್ತಾನೆ. ವ್ಯಾಲೆಟ್ಟಾ ಬೀದಿ, ಗೋಜೋ ದೋಣಿ, ಎಡಗಡೆ ಸೀಟು, ಎಲ್ಲ ಭಟ್ರಿಗೆ ಬಾಯಿಪಾಠ ಮಾಡಿಸ್ತಾನೆ. ಮತ್ತೆ ನಾವು ಅಲ್ಲಿರೋ ಮೂರು ದಿನ...”

ಮಾತು ಪೂರ್ತಿ ಮಾಡಲಾಗಲಿಲ್ಲ. ಹೊಟ್ಟೆಯ ಆಳದಿಂದ ಎಲ್ಲೋ ಪಂಪ್‌ಸೆಟ್ಟು ಸ್ಟಾರ್ಟ್ ಆದಂತೆ ನಗು ಎದ್ದು ಬಂತು.

“ಮೂರು ದಿನ ನನ್ನ ಅಂಗಡಿಯಲ್ಲಿ... ನನ್ನ ದನಿಯಲ್ಲಿ... ನೀನೇ ವ್ಯಾಪಾರ ಮಾಡು!”

ಇಡೀ ಬೀದಿ ನಗುತ್ತಿತ್ತು. ಬೆಳಗಿನಿಂದ ಸಂಜೆಯವರೆಗೆ ಮೋಸಹೋದ ಮರುಳಸಿದ್ದಪ್ಪನವರ ನಗು ಎಲ್ಲರದಕ್ಕಿಂತ ದೊಡ್ಡದು. ನಗುತ್ತ ನಿಲ್ಲಲಾರದೆ ಅವರು ಪೈಪಿನ ರಾಶಿಗೆ ಒರಗಿದರು. ರಾಶಿ ಜಾರಿತು. ಪೈಪುಗಳು ಒಂದರ ಹಿಂದೊಂದು ಮೆಟ್ಟಿಲಿಳಿದು ಬಸ್‌ಸ್ಟ್ಯಾಂಡಿನ ಇಳಿಜಾರಿಗೆ ಉರುಳತೊಡಗಿದವು. ಅವನ್ನು ಹಿಡಿಯಲು ಧರ್ಮೇಶ ಬೀದಿಯುದ್ದಕ್ಕೂ ಓಡಿದ. ಜಯಪುರದ ಬಸ್ಸು ಹಾರ್ನ್ ಮಾಡುತ್ತಿತ್ತು, ಕಂಡಕ್ಟರ್ ಬೈಯುತ್ತಿದ್ದ. ಆ ಎಲ್ಲ ಗಲಾಟೆಯ ಮೇಲೂ, ಕೊರಳ ಹಾರ ಕುಣಿಯುವ ಹಾಗೆ ನಗುತ್ತಿದ್ದ ಸಾವ್ಕಾರ್ರ ದನಿಯೊಂದೇ ಅವನಿಗೆ ಹಿಂದಿನಿಂದ ಕೇಳಿಸುತ್ತಿತ್ತು.